ನಾವು ಮೂವರು ಒಂದು ಮನೆಯವರಲ್ಲ ಎಂದವರಿಗೆ

ನಗರಸಭೆಯ ವಸತಿ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಕಳೆದ ಅಕ್ಟೋಬರಿನಲ್ಲಿ ನಿಮ್ಮ ಇಲಾಖೆ ನಮ್ಮ ಮೂವರನ್ನು ಒಂದು ಮನೆಯಿಂದ ಎಬ್ಬಿಸಿ ಮೂರು ದಿಕ್ಕಿಗೆ ಕಳಿಸಿತು. ನಾವು ಬಾಡಿಗೆ ಬಾಕಿ ಇಟ್ಟಿರಲಿಲ್ಲ, ಗಲಾಟೆ ಮಾಡಿರಲಿಲ್ಲ. ರಕ್ತಸಂಬಂಧವಿಲ್ಲದ ಇಬ್ಬರಿಗಿಂತ ಹೆಚ್ಚು ಜನ ಒಂದೇ ಮನೆಯಲ್ಲಿ ಇರಬೇಕಾದರೆ ಪರವಾನಗಿ ಬೇಕಂತೆ. ನಮ್ಮ ಬೀದಿಯ ಪಾಲಿನ ಪರವಾನಗಿಗಳು ಮುಗಿದುಹೋಗಿದ್ದವಂತೆ. ಕುಟುಂಬವಾಗಿದ್ದರೆ ಅಡ್ಡಿಯಿಲ್ಲ. ನಾವು ಕುಟುಂಬವಲ್ಲ ಎಂದು ನೀವು ತೀರ್ಮಾನಿಸಿದಿರಿ. ಫೆಬ್ರವರಿಯಲ್ಲಿ ನಮ್ಮಲ್ಲೊಬ್ಬ ತೀರಿಕೊಂಡ. ಅವನ ಹೆಸರು ತಾದಸ್. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣ, ಖಾಸಗಿಯಾಗಿ ಬರೆದಾಗಲೆಲ್ಲ ನಿಮ್ಮ ಕಂಪ್ಯೂಟರು ನನಗೆ ಧನ್ಯವಾದ ಹೇಳಿ ಸುಮ್ಮನಾಗುತ್ತಿತ್ತು.

ಈ ಊರು ಕರೆಯದೆ ನಾವಾಗಿಯೇ ನುಗ್ಗಿದವರಲ್ಲ, ಸ್ವಾಮಿ. ವಿಶ್ವವಿದ್ಯಾಲಯದ ಪುಸ್ತಿಕೆಯಲ್ಲಿ ಕಾಲುವೆ ದಂಡೆಯ ಮೇಲೆ ಬಿಸಿಲಿಗೆ ಕೂತು ನಗುವ ಹುಡುಗ ಹುಡುಗಿಯರಿದ್ದರು, ‘ಜಗತ್ತಿಗೆಲ್ಲ ತೆರೆದ ಜೀವಂತ ನಗರ’ ಎಂಬ ಮಾತಿತ್ತು. ಸ್ವಾಗತ ಸಪ್ತಾಹದಲ್ಲಿ ಬ್ಯಾಂಡು ಬಾರಿಸಿದಿರಿ, ಟೋಪಿ ಕೊಟ್ಟಿರಿ. ತಲೆಗೆ ಟೋಪಿ ಕೊಟ್ಟವರು ಸೂರಿನ ಬಗ್ಗೆ ಯೋಚಿಸಿರಲಿಲ್ಲ ಎಂಬುದು ಬ್ಯಾಂಡು ನಿಂತ ಮೇಲೆ ತಿಳಿಯಿತು.

ನಾನು ರೊಮೇನಿಯಾದವಳು, ಇಲ್ಲಿ ಜಲಶಾಸ್ತ್ರ ಓದುತ್ತೇನೆ. ರುಕಿಯೆ ಟರ್ಕಿಯ ಟ್ರಾಬ್ಜಾನಿನವಳು, ನಮ್ಮಲ್ಲಿ ಹಿರಿಯಳು. ತಾದಸ್ ಲಿಥುವೇನಿಯಾದ ಹುಡುಗ, ಎಲ್ಲರಿಗಿಂತ ಚಿಕ್ಕವನು. ರುಕಿಯೆಯನ್ನು ಬಂದ ವಾರದಿಂದಲೇ ಅಕ್ಕ ಎನ್ನುತ್ತಿದ್ದ. ಶನಿವಾರ ಸಂತೆ ಎತ್ತುವ ಹೊತ್ತಿಗೆ ಮೂವರೂ ಸೈಕಲ್ಲಿನಲ್ಲಿ ಹೋಗಿ ಅಗ್ಗದ ತರಕಾರಿ ತರುತ್ತಿದ್ದೆವು. ಅವನು ಬೀಟ್‌ರೂಟಿನ ತಣ್ಣನೆಯ ಗುಲಾಬಿ ಸಾರು ಮಾಡಿದ ದಿನ ರುಕಿಯೆ ಬಟ್ಟಲು ನೋಡಿ, “ಇದು ಊಟಾನೋ, ಗೋಡೆಗೆ ಹೊಡೆಯೋ ಬಣ್ಣಾನೋ?” ಎಂದಿದ್ದಳು. “ತಿಂದು ನೋಡಕ್ಕಾ, ಉಳಿದಿದ್ದನ್ನ ಗೋಡೆಗೆ ಹೊಡಿಯೋಣ” ಎಂದ. ಉಳಿಯಲಿಲ್ಲ.

ಅವನಿಗೆ ಮೂರ್ಛೆರೋಗವಿತ್ತು. ಮೂರ್ಛೆ ಬಂದಾಗ ಮಗ್ಗುಲಿಗೆ ಹೊರಳಿಸಬೇಕು, ಸುತ್ತಲಿನ ಕುರ್ಚಿ ಸರಿಸಬೇಕು, ಬಾಯಿಗೆ ಏನೂ ತುರುಕಬಾರದು. ಇಷ್ಟನ್ನು ನಾವು ಕಲಿತೆವು. ಸ್ನಾನಕ್ಕೆ ಹೋದರೆ ಚಿಲಕ ಹಾಕುವಂತಿಲ್ಲ, ಹೊರಗಿನಿಂದ ಯಾರಾದರೂ ಆಗಾಗ ಬಾಗಿಲು ತಟ್ಟಬೇಕು. ಒಳಗಿನಿಂದ “ಇನ್ನೂ ಇದೀನಿ ಕಣ್ರೇ!” ಎಂದು ಕೂಗುತ್ತಿದ್ದ. ರುಕಿಯೆ, “ಇದ್ರೆ ಬೇಗ ಬಾ, ಬಿಸಿನೀರು ನಮಗೂ ಬೇಕು” ಎನ್ನುತ್ತಿದ್ದಳು.

ನಿಮ್ಮ ತನಿಖಾಧಿಕಾರಿ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ. ತುಂಬ ಸಭ್ಯ ತರುಣ. ಕಾಫಿ ಕುಡಿದರು, ಒಂದೇ ಬಿಸ್ಕತ್ತು ತೆಗೆದುಕೊಂಡರು, ಫ್ರಿಜ್ ತೆಗೆದು ನೋಡಿದರು.

“ಇದರಲ್ಲಿ ಯಾರ ಸಾಮಾನು ಯಾವುದು?”

“ಹಂಗೇನಿಲ್ಲ ಸಾರ್” ಎಂದ ತಾದಸ್. “ಯಾರಿಗೆ ಮೊದಲು ಹಸಿವಾಗುತ್ತೋ ಅವರದ್ದು.”

ಅವರು ನಕ್ಕರು. ಆಮೇಲೆ ರುಕಿಯೆಯ ಕಡೆ ತಿರುಗಿ, “ಓದು ಮುಗಿದ ಮೇಲೂ ಮೂವರೂ ಒಟ್ಟಿಗೇ ಇರ್ತೀರಾ?” ಎಂದು ಕೇಳಿದರು.

ರುಕಿಯೆ ಸುಳ್ಳಾಡುವವಳಲ್ಲ. “ಅದು ಹೇಗಾಗುತ್ತೆ? ನಾನು ನಮ್ಮೂರಿಗೆ ಹೋಗ್ತೀನಿ. ಇವರೂ ಎಲ್ಲಿ ಕೆಲಸ ಸಿಗುತ್ತೋ ಅಲ್ಲಿಗೆ ಹೋಗ್ತಾರೆ” ಎಂದಳು.

ಅವರ ಪೆನ್ನು ಓಡಿದ್ದು ಆಗ. ‘ಶಾಶ್ವತ ಸ್ವರೂಪದ ಸಾಮೂಹಿಕ ಸಂಸಾರವಲ್ಲ’ ಎಂದು ನಿಮ್ಮ ಆದೇಶದಲ್ಲಿ ಬಂತು. ಆಧಾರವಾಗಿ ರುಕಿಯೆಯ ಮಾತೇ ಇತ್ತು.

ಮಾನ್ಯರೇ, ಶಾಶ್ವತ ಸಂಸಾರ ಈ ಊರಿನಲ್ಲಿ ಯಾರ ಮನೆಯಲ್ಲಿದೆ? ಹದಿನೆಂಟು ತುಂಬಿದ ಮಕ್ಕಳು ಪೆಟ್ಟಿಗೆ ಕಟ್ಟುವುದಿಲ್ಲವೇ? ಗಂಡ ಹೆಂಡಿರು ವಕೀಲರ ಬಳಿ ಹೋಗುವುದಿಲ್ಲವೇ? ಅವರ ಮನೆಗಳಿಗೂ ಹೋಗಿ, ಕಾಫಿ ಕುಡಿದು, ‘ಎಷ್ಟು ದಿನ ಒಟ್ಟಿಗಿರುತ್ತೀರಿ’ ಎಂದು ಕೇಳುತ್ತೀರಾ? ಕೆಳಗಿನ ಮನೆಯ ಹಾರ್ಮೆನ್ ಎಂಬ ಮುದುಕರು, ನಮ್ಮ ಸೈಕಲ್ಲುಗಳ ಬಗ್ಗೆ ದಿನಾ ಗೊಣಗುತ್ತಿದ್ದವರು, ಆದೇಶ ಓದಿ ಹೇಳಿದ್ದು ಹೀಗೆ: “ನೀವು ಸಂಸಾರ ಅಲ್ಲ ಅಂದ್ರೆ ನಂದೂ ಅಲ್ಲ ಬಿಡಿ. ನಾನೂ ನನ್ನ ಹೆಂಡ್ತೀನೂ ಒಂದೇ ಮೇಜಲ್ಲಿ ಉಂಡು ಯಾವ ಕಾಲವಾಯ್ತೋ!” ನಮ್ಮ ಆಕ್ಷೇಪಣೆಗೆ ಅವರೂ ಸಹಿ ಹಾಕಿದರು. ಅದರ ತೀರ್ಮಾನವಾಗುವವರೆಗೆ ಕಾಯಲು ಮನೆ ಮಾಲೀಕರಿಗೆ ಧೈರ್ಯವಾಗಲಿಲ್ಲ. ನಿಮ್ಮ ದಂಡದ ನೋಟಿಸು ಅವರ ಕೈಯಲ್ಲಿತ್ತು.

ರುಕಿಯೆ ಸಹಪಾಠಿಯೊಬ್ಬಳ ಸೋಫಾ ಮೇಲೆ ಮಲಗತೊಡಗಿದಳು. ನನಗೆ ಪಕ್ಕದ ಊರಿನಲ್ಲಿ ಕೋಣೆ ಸಿಕ್ಕಿತು. ತಾದಸ್‌ಗೆ ಊರಾಚೆ, ಹಳೇ ಕಚೇರಿಯೊಂದನ್ನು ಒಡೆದು ಮಾಡಿದ ಕಟ್ಟಡದಲ್ಲಿ ಒಂಟಿ ಕೋಣೆ. ನಿಮ್ಮ ನಿಯಮಕ್ಕೆ ಅದು ಆದರ್ಶ ವಸತಿ: ಒಬ್ಬ ಮನುಷ್ಯ, ಒಂದು ಬಾಗಿಲು, ಒಂದು ಕರೆಗಂಟೆ.

ಬಾಗಿಲು ತಟ್ಟುವವರಿಲ್ಲವಾದ್ದರಿಂದ ಅವನು ಫೋನು ಮಾಡುವ ಪದ್ಧತಿ ಶುರುವಾಯಿತು. “ಅಕ್ಕಾ, ಸ್ನಾನಕ್ಕೆ ಹೊರಟೆ.” ಸ್ವಲ್ಪ ಹೊತ್ತಿಗೆ, “ಅಕ್ಕಾ, ಬಂದೆ.” ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ಮೊದಲನೆಯ ಕರೆ ಬಂತು, ಎರಡನೆಯದು ಬರಲಿಲ್ಲ. ರುಕಿಯೆ ಎದುರುಗಾಳಿಯಲ್ಲಿ ಸೈಕಲ್ ತುಳಿಯುತ್ತ ಊರು ದಾಟಿದಳು. ಗಂಟೆ ಒತ್ತಿದಳು. ಆ ಮಹಡಿಯವರಿಗೆ ಅವನ ಹೆಸರೇ ಗೊತ್ತಿರಲಿಲ್ಲ. ಕಟ್ಟಡದ ಮೇಲ್ವಿಚಾರಕರಿಗೆ ಫೋನು ಮಾಡಿ, ತನ್ನ ಪೂರ್ತಿ ಹೆಸರು ಹೇಳಿ, ಕೀಲಿ ತನ್ನಿ ಎಂದು ಬೇಡಿಕೊಂಡಳು.

“ನೀವು ಅವರಿಗೆ ಏನಾಗಬೇಕು?” ಎಂದು ಅವರು ಕೇಳಿದರು.

“ಅಕ್ಕ.”

“ನಿಮ್ಮ ಮನೆತನದ ಹೆಸರು ಬೇರೆ ಇದೆಯಲ್ಲಮ್ಮಾ? ಮನೆಯವರಲ್ಲದೆ ಹೋದ್ರೆ ನಾನು ತೆಗೆಯೋಕಾಗಲ್ಲ.”

ಅವಳು ತುರ್ತು ಸೇವೆಗೆ ಕರೆ ಮಾಡಿದಳು. ಅವರು ಏನೂ ಕೇಳದೆ ಬಂದು ಬಾಗಿಲು ಒಡೆದರು. ಒಳಗೆ ನೀರು ಇನ್ನೂ ಸುರಿಯುತ್ತಿತ್ತು. ಬೇಗ ತೆಗೆದಿದ್ದರೂ ಉಳಿಯುತ್ತಿದ್ದನೋ ಇಲ್ಲವೋ ಹೇಳಲಾಗದು ಎಂದು ವೈದ್ಯರು ಆಮೇಲೆ ಅವನ ತಾಯಿಗೆ ಹೇಳಿದರು. ನಿಮಗೆ ಅನ್ಯಾಯವಾಗಬಾರದೆಂದು ಅದನ್ನೂ ಬರೆದಿದ್ದೇನೆ.

ಆಸ್ಪತ್ರೆಯಲ್ಲಿ ನಮಗೆ ಯಾರೂ ಏನೂ ಹೇಳುವಂತಿರಲಿಲ್ಲ. ಮರುದಿನ ಅವನ ತಾಯಿ ವಿಲ್ಮಾ ವಿಮಾನದಲ್ಲಿ ಬಂದರು. ಕಾರಿಡಾರಿನ ಬೆಂಚಿನ ಮೇಲಿದ್ದ ನಮ್ಮಿಬ್ಬರ ಮುಂದೆ ನಿಂತು, ತಮಗೆ ಬರುವಷ್ಟು ಹರುಕು ಇಂಗ್ಲಿಷಿನಲ್ಲಿ ಕೇಳಿದರು: “ನನ್ನ ಮಗನ ಬಾಗಿಲು ತಟ್ತಿದ್ದ ಹುಡುಗೀರು ನೀವೇನಾ?”

ರುಕಿಯೆ ಬೆಂಚಿನಿಂದ ಎದ್ದಳು. ಆ ತಾಯಿ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತರು. ವೈದ್ಯರು ಒಳಗೆ ಕರೆದಾಗ ನಮ್ಮಿಬ್ಬರನ್ನೂ ಕರೆದುಕೊಂಡೇ ಹೋದರು. ನೀವು ಅಷ್ಟು ದಿನ ತೆಗೆದುಕೊಂಡು ಬಗೆಹರಿಸಿದ ಪ್ರಶ್ನೆಯನ್ನು ಅವರು ಯಾರನ್ನೂ ಕೇಳದೆ ಬಗೆಹರಿಸಿದರು.

ಆಕ್ಷೇಪಣೆಗೆ ನಿಮ್ಮ ಉತ್ತರ ಮಾರ್ಚಿನಲ್ಲಿ ತಲುಪಿತು. ‘ಕೂಲಂಕಷವಾಗಿ ಪರಿಶೀಲಿಸಿ ತಿರಸ್ಕರಿಸಲಾಗಿದೆ’ ಎಂದಿತ್ತು. ವಿಳಾಸದ ಜಾಗದಲ್ಲಿ ಮೂರು ಹೆಸರು, ತಾದಸ್‌ನದೇ ಮೊದಲು. ನಾವು ಬಿಟ್ಟುಬಂದ ಮನೆ ಇವತ್ತಿಗೂ ಖಾಲಿಯಿದೆ. ನಿಮಗೆ ಒಪ್ಪಿಗೆಯಾಗುವ ಕುಟುಂಬ ಇನ್ನೂ ಸಿಕ್ಕಿಲ್ಲವೆಂದು ಕಾಣುತ್ತದೆ.

ಈ ನಿಯಮವನ್ನು ತೆಗೆದುಹಾಕಿ ಎಂದು ಒತ್ತಾಯಿಸುತ್ತೇನೆ. ಸೆಪ್ಟೆಂಬರಿಗೆ ಮತ್ತೆ ಸಾವಿರಾರು ಮಕ್ಕಳು ಬರುತ್ತಾರೆ, ಅಷ್ಟರೊಳಗೆ ತೆಗೆಯಿರಿ. ಅದಕ್ಕೆ ಸಭೆ, ಸಮಿತಿ, ಮತದಾನ ಬೇಕೆಂದು ಬಲ್ಲೆ. ಆದರೆ ಇನ್ನೊಂದು ಬೇಡಿಕೆಗೆ ಯಾವ ಸಮಿತಿಯೂ ಬೇಡ. ರುಕಿಯೆ ತರಗತಿಗೆ ಹೋಗುವುದನ್ನು ನಿಲ್ಲಿಸಿದ್ದಾಳೆ. ಅವತ್ತು ತಾನು ನಿಜ ಹೇಳಿದ್ದರಿಂದಲೇ ಅವನು ಸತ್ತ ಎಂದು ನಂಬಿದ್ದಾಳೆ. “ಹೌದು ಸಾರ್, ಸಾಯೋವರೆಗೂ ಒಟ್ಟಿಗೇ ಇರ್ತೀವಿ ಅಂತ ಒಂದು ಮಾತು ಅಂದುಬಿಟ್ಟಿದ್ರೆ ಏನಾಗ್ತಿತ್ತು ನಂಗೆ?” ಎಂದು ನನ್ನನ್ನು ಕೇಳುತ್ತಾಳೆ. ನಾನು ಎಷ್ಟು ಹೇಳಿದರೂ ಕೇಳಿಸಿಕೊಳ್ಳುವುದಿಲ್ಲ. ನಾನು ಸಮಾಧಾನಕ್ಕೆ ಹೇಳುತ್ತೇನೆಂದು ಅವಳಿಗೆ ಗೊತ್ತು. ನೀವು ಹೇಳಿದರೆ ನಂಬಬಹುದು. ಬರುವ ಗುರುವಾರ ಅವಳು ಓದು ಬಿಟ್ಟು ಊರಿಗೆ ಹೊರಡುತ್ತಿದ್ದಾಳೆ. ಅದಕ್ಕಿಂತ ಮೊದಲು ಒಮ್ಮೆ ಬನ್ನಿ. ಅವಳೆದುರು ಕೂತು, ತಪ್ಪಿದ್ದದ್ದು ಅವಳ ಉತ್ತರದಲ್ಲಲ್ಲ, ನಿಮ್ಮ ಪ್ರಶ್ನೆಯಲ್ಲಿ ಎಂದು ಅವಳಿಗೆ ಹೇಳಿ.

ಇಂತಿ,
ನಿಮ್ಮ ಕಡತದ ಪ್ರಕಾರ ತಾದಸ್‌ನಿಗೆ ಏನೂ ಆಗದವಳು,
ಸ್ಮರಾಂದಾ