ನಿಮ್ಮಪ್ಪ ಕೈ ಕೊಟ್ಟ ಸಂಜೆ

ಮನೆ, ಹೊಲಿಗೆ ಕೋಣೆ
ಮಾರ್ಚ್ ಹದಿನೇಳು, ಭಾನುವಾರ

ಪುಟ್ಟೀ, ನನ್ನ ಬಂಗಾರ,

ಹೇಗಿದ್ದೀಯ? ಕೆಮ್ಮು ಬಿಡ್ತಾ? ಕೂತು ಊಟ ಮಾಡ್ತೀಯೋ, ಇಲ್ಲ ನಿಂತೇ ನುಂಗಿ ಓಡ್ತೀಯೋ? ನಿನ್ನ ಜೊತೆಗಾತಿಯೂ ಚೆನ್ನಾಗಿದ್ದಾಳೆ ತಾನೇ? ನಾನು ಗಟ್ಟಿಯಾಗಿದ್ದೇನೆ, ನನಗಿಂತ ನನ್ನ ಮೆಷಿನ್ನೇ ಹೆಚ್ಚು ನರಳುತ್ತೆ.

ನೀನು ಫೋನಿನಲ್ಲಿ, ನೀವಿಬ್ಬರೂ ಜೋಡಿಯಾಗಿ ಕುಣಿಯೋ ಟ್ಯಾಂಗೋ, ಟ್ಯಾಂಗೋ ಅಂತ ತಲೆ ತಿಂದದ್ದಕ್ಕೆ ನಾನೂ ಲೈಬ್ರರಿ ಮೇಲಿನ ಹಾಲಿನಲ್ಲಿ ನಡೆಯೋ ಡ್ಯಾನ್ಸ್ ಕ್ಲಾಸಿಗೆ ಸೇರಿದೆ, ನಿಮ್ಮಪ್ಪನನ್ನೂ ಎಳ್ಕೊಂಡು ಹೋದೆ. ಜನ್ಮವಿಡೀ ಬಸ್ಸು ಓಡಿಸಿದವರಲ್ಲವಾ, ನನ್ನನ್ನೂ ಹಾಗೇ ತಿರುಗಿಸ್ತಾರೆ. ಹಾರ್ನ್ ಒಂದು ಬಾಕಿ. ನೀನು ನಿನ್ನ ಜೊತೆಗಾತಿಯೊಡನೆಯೇ ಬಾಳ್ತೀನಿ ಅಂತ ಹೇಳಿಹೋದ ಮೇಲೆ ನಾನು ಅವಳ ಮಾತೆತ್ತಿದರೆ ಸಾಕು, ತಟ್ಟೆ ಬಿಟ್ಟು ಏಳ್ತಿದ್ದರು, ಗೊತ್ತಲ್ಲ. ಹೋದ ವಾರ ಡ್ಯಾನ್ಸ್ ಮೇಡಮ್ಮು, “ಇವತ್ತು ಹೆಜ್ಜೆ ನಡೆಸೋರು ಹಿಂಬಾಲಿಸಿ, ಹಿಂಬಾಲಿಸೋರು ನಡೆಸಿ. ಗಂಡು ಹೆಣ್ಣು ಅನ್ನೋ ಲೆಕ್ಕ ಬೇಡ” ಅಂದರು. ನಾನು ತೋಳೇರಿಸಿ, ಔಷಧಿ ಅಂಗಡಿಯಾಕೆಯನ್ನು ನಡೆಸೋಕೆ ಹೊರಟೆ. ನಿಮ್ಮಪ್ಪ ಮೂಲೆ ಕುರ್ಚಿ ಹಿಡಿದು, ಕಟ್ಟಿದ ಬೂಟಿನ ಲೇಸನ್ನೇ ಮತ್ತೆ ಕಟ್ಟತೊಡಗಿದರು.

ಅವರ ಮುಂದೆ ಬಂದು ನಿಂತವರು ಯಾರು ಅಂತೀಯ? ಅವರಿಗೆ ಯಾವಾಗಲೂ ಕಟಿಂಗ್ ಮಾಡೋ ಅಂಗಡಿಯವರು! “ಬನ್ನಿ, ಡ್ರೈವರ್ ಸಾಹೇಬ್ರೇ.” “ಗಂಡಸೂ ಗಂಡಸೂ ಏನ್ರೀ ಕುಣಿಯೋದು?” ಅಂದರು ನಿಮ್ಮಪ್ಪ. ಆತ, “ಕತ್ತಿ ಹಿಡಿದು ನಿಂತಾಗ ಕತ್ತು ಕೊಡ್ತೀರಿ, ಬರಿಗೈಲಿ ಬಂದ್ರೆ ಕೈ ಕೊಡಲ್ವಾ?” ಅಂದುಬಿಟ್ಟರು. ಹಾಲಿಗೆ ಹಾಲೇ ನಕ್ಕಿತು. ನಿಮ್ಮಪ್ಪ ವಿಧಿಯಿಲ್ಲದೆ ಎದ್ದರು. ಮೊದಮೊದಲು ಕೊರಡಿನ ಹಾಗೆ ನಿಂತು, ತಾವೇ ತಿರುಗಿಸೋಕೆ ನೋಡಿದರು. “ಬ್ರೇಕ್ ಬಿಡಿ, ಸಾಹೇಬ್ರೇ. ನಾನಿದ್ದೀನಿ” ಅಂದರು ಆತ. ಅರ್ಧ ಹಾಡಿಗೆ ಭುಜ ಇಳಿಯಿತು. ಆಮೇಲೆ, ಕಣ್ಣೇ ಮುಚ್ಚಿದರು ಕಣೇ! ಅದನ್ನು ನೋಡ್ತಾ ನಾನು ಔಷಧಿ ಅಂಗಡಿಯಾಕೆಯ ಕಾಲು ತುಳಿದೆ.

ವಾಪಸ್ಸು ಬರುವಾಗ, ಬೇಕರಿ ದಾಟಿದ ಮೇಲೆ ನಿಮ್ಮಪ್ಪ ಮೆಲ್ಲಗೆ, “ನಮ್ಮ ಪುಟ್ಟಿ, ಆ ಹುಡುಗಿ ಕುಣೀತಾರಲ್ಲ, ಯಾರು ನಡೆಸೋದು?” ಅಂತ ಕೇಳಿದರು. ಸರದಿ ಮೇಲೆ ಅಂದೆ. ಇನ್ನಷ್ಟು ದೂರ ನಡೆದು, “ಒಳ್ಳೇದು. ಒಬ್ಬರೇ ಓಡಿಸಿದ್ರೆ ಸುಸ್ತಾಗುತ್ತೆ” ಅಂದರು. ಬಂದ ಅಳುವನ್ನು ಸೀನಿ ಮುಚ್ಚಿಕೊಂಡೆ.

ಒಬ್ಬರ ಕಾಲು ಒಬ್ಬರು ತುಳಿಯದೆ, ಇಬ್ಬರೂ ನೂರು ಕಾಲ ನಗ್ತಾ ಇರಿ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸೋಷ್ಟರಲ್ಲಿ ಬಡಗಿ ಬಂದ. ನಿನ್ನ ಕೋಣೆಯ ಒಂಟಿ ಮಂಚ ತೆಗೆಸಿ, ನಿಮ್ಮಪ್ಪ ಜೋಡಿ ಮಂಚ ಹಾಕಿಸ್ತಿದ್ದಾರೆ. ಯಾಕೆ ಅಂದ್ರೆ, ಹಳೇದು ಕಿರುಗುಟ್ಟುತ್ತಿತ್ತಂತೆ. ಅದು ಯಾವತ್ತೂ ಕಿರುಗುಟ್ಟಿದ್ದಿಲ್ಲ. ರಜೆ ಹಾಕಿ, ಇಬ್ಬರೂ ಬನ್ನಿ.