ಅಳದ ಕೂಸು

ರಬಕವಿ
ತಾ. 26-9-1954

ಚಿರಂಜೀವಿ ಮುರಗೆಪ್ಪನಿಗೆ,

ನಿನ್ನ ತಾಯಿ ಇಂದ್ರವ್ವ ಮಾಡುವ ಆಶೀರ್ವಾದಗಳು. ಮನೆಯಲ್ಲಿ ಎಲ್ಲರೂ ಕ್ಷೇಮ ಎಂದು ಪ್ರತಿ ಪತ್ರದಲ್ಲೂ ಬರೆಯುವುದು ರೂಢಿ; ಈ ಸಲ ಅದು ಖರೆಯೂ ಹೌದು. ಸೊಲ್ಲಾಪುರದಿಂದ ನೀನು ಹಾಕಿದ ಪತ್ರ ಗಣೇಶ ಚೌತಿಯ ಮುಂಚೆಯೇ ಮುಟ್ಟಿತು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ನಿನ್ನ ಮಗಳು ಅನ್ನಿ ಬಂದು ಶಾಯಿಯ ದೌತಿ ಉರುಳಿಸುತ್ತಾಳೆ. ಕಾಗದ ಹಾಳಾದದ್ದು ಹೋಗಲಿ, ನನ್ನ ಒಳ್ಳೆಯ ಸೀರೆಯೊಂದು ನೀಲಿಯಾಗಿ ಕೂತಿದೆ. ಈಗ ಅವಳನ್ನು ಅವರವ್ವ ಹಾಲವ್ವ ಬಾವಿಯ ಕಡೆ ಎತ್ತಿಕೊಂಡು ಹೋಗಿದ್ದಾಳೆ. ಬರುವುದರೊಳಗೆ ಆದಷ್ಟು ಬರೆದುಬಿಡುತ್ತೇನೆ.

ದೀಪಾವಳಿಗೆ ರಜೆ ಸಿಗುತ್ತದೆ, ಊರಿಗೆ ಬರುತ್ತೇನೆ ಎಂದು ಬರೆದಿದ್ದೀ. 'ಅನ್ನಿ ಮೊದಲಿನಂತೆ ಸುಮ್ಮನೆ ಇರುತ್ತಾಳಲ್ಲವೆ?' ಎಂದೂ ಕೇಳಿದ್ದೀ. ಇಲ್ಲಪ್ಪ, ಇರುವುದಿಲ್ಲ. ಯಾಕೆ ಇರುವುದಿಲ್ಲ ಎಂಬುದೇ ಈ ಪತ್ರದ ವಿಷಯ.

ಮುಧೋಳದ ಸಾಲಿಯಲ್ಲಿ ಮಕ್ಕಳಿಗೆ ಕಲಿಸುವ ನೌಕರಿ ಮುಗಿಸಿ, ಗಂಟುಮೂಟೆ ಕಟ್ಟಿಕೊಂಡು ಯುಗಾದಿಗೆ ನಾನು ಈ ಮನೆಗೆ ಬಂದಾಗ ನೀನು ಸೊಲ್ಲಾಪುರದ ಬಟ್ಟೆ ಗಿರಣಿ ಸೇರಿ ಕೆಲವು ತಿಂಗಳಾಗಿತ್ತು. ಅದಕ್ಕೆ ಮುಂಚೆ ನಾನು ಹಬ್ಬಕ್ಕೊಮ್ಮೆ ಬಂದು, ಒಂದು ದಿನ ಇದ್ದು, ಮೊಮ್ಮಗಳ ಗಲ್ಲ ಸವರಿ ಹೋಗುತ್ತಿದ್ದವಳು. ಬಂದ ದಿನವೇ ಪಕ್ಕದ ಮನೆಯ ಶಿದ್ರಾಮಪ್ಪನ ಹೆಂಡತಿ ತಂಗೆವ್ವ ಬಾಗಿಲಿಗೆ ಬಂದು ಹೊಗಳಿದ್ದೇ ಹೊಗಳಿದ್ದು. "ಅಕ್ಕಾರ, ನಿಮ್ಮ ಮೊಮ್ಮಗಳಂಥಾ ಕೂಸು ಈ ಓಣ್ಯಾಗ ಇಲ್ಲ ನೋಡ್ರಿ. ಎಲ್ಲಿ ಕುಂದ್ರಿಸಿದರ ಅಲ್ಲೇ ಕುಂದರತೈತಿ. ಒಂದು ದಿನಾನೂ ಅತ್ತದ್ದ ಕೇಳಿಲ್ಲ. ದೇವರಂಥಾ ಕೂಸರಿ." ನಾನೂ ಉಬ್ಬಿಹೋದೆ. ಹೆತ್ತವರಿಗೇ ಹೆಗ್ಗಣ ಮುದ್ದು ಎಂದ ಮೇಲೆ ಅಜ್ಜಿಯ ಮಾತು ಕೇಳಬೇಕೆ?

ಆದರೆ ನಾನು ಆಯುಷ್ಯವನ್ನೆಲ್ಲ ಚಿಕ್ಕ ಮಕ್ಕಳ ಗದ್ದಲದಲ್ಲಿ ಕಳೆದವಳು. ಎರಡು ವರ್ಷ ತುಂಬಲು ಬಂದ ಕೂಸು ಗೋಡೆಗೆ ಒರಗಿಸಿದರೆ ಒರಗಿಕೊಂಡೇ ಇರುತ್ತಿತ್ತು. ನಿಲ್ಲುತ್ತಿರಲಿಲ್ಲ, ಕೈ ಚಾಚಿ ಏನನ್ನೂ ಬೇಡುತ್ತಿರಲಿಲ್ಲ, ಕಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿದ್ದವು. ಒಂದು ಮಧ್ಯಾಹ್ನ ನೋಡುತ್ತೇನೆ, ಬೆಲ್ಲದ ಚೂರು ಹಿಡಿದಿದ್ದ ಅವಳ ಕೈಗೆ ಕೆಂಪಿರುವೆ ಮುತ್ತಿವೆ. ಬೆರಳೆಲ್ಲ ಬಾತುಕೊಂಡಿವೆ. ಅವಳು ಅದು ಬೇರೆ ಯಾರದೋ ಕೈ ಎಂಬಂತೆ ನೋಡುತ್ತ ಕೂತಿದ್ದಳು. ಅಳು ಇಲ್ಲ, ಮುಖ ಕಿವುಚುವುದೂ ಇಲ್ಲ. ಇರುವೆ ಕೊಡವಿ, ಕೈ ತೊಳೆದೆ.

ಮರುದಿನ ಬೆಳಿಗ್ಗೆ ಕಣ್ಣಿಟ್ಟು ಕಾದೆ. ನೂಲಿನ ಕಂಡಿಕೆ ಸುತ್ತಲು ಹಾಲವ್ವ ರಾಟಿಯ ಮುಂದೆ ಕೂಡುವ ಮುಂಚೆ ಸಾಸಿವೆ ಕಾಳಿನಷ್ಟು ಕಪ್ಪನೆಯದೇನನ್ನೋ ಹಾಲಿನಲ್ಲಿ ತೇಯ್ದು ಕೂಸಿನ ನಾಲಿಗೆಗೆ ಒರೆಸಿದಳು. ಅಫೀಮು! ಮೂಲೆಮನೆಯ ಸಾತಪ್ಪ ಮುತ್ಯಾನಿಗೆ ಅಫೀಮು ತಿನ್ನಲು ಮುಂಬಯಿ ಸರಕಾರದ ಪರವಾನಿಗೆ ಇದೆಯಲ್ಲ, ಅವನು ತನ್ನ ಪಾಲಿನಲ್ಲಿ ಚಿವುಟಿ ಓಣಿಯ ಹೆಂಗಸರಿಗೆ ಮಾರುತ್ತಾನೆ. ಕೆಲಸದ ಹೊತ್ತಿನಲ್ಲಿ ಕೂಸು ಮಲಗಿರಲಿ ಎಂದು ಅವರು ಕೊಡುತ್ತಾರೆ. ಇಂಥ ರೂಢಿ ಇದೆ ಎಂದು ಕೇಳಿದ್ದೆ. ನಮ್ಮ ಮನೆಯ ಹೊಸ್ತಿಲು ದಾಟಿದೆ ಎಂದು ಮಾತ್ರ ಗೊತ್ತಿರಲಿಲ್ಲ.

ನನ್ನ ಸಿಟ್ಟು ನಿನಗೆ ತಿಳಿಯದ್ದಲ್ಲ. ಬಾಯಿಗೆ ಬಂದಂತೆ ಬೈದೆ. "ಹಡದ ಕೈಲೇ ಕೂಸಿಗೆ ವಿಷಾ ಹಾಕತೀಯಲ್ಲ ಬೇ!" ಎಂದೆ. ಬೇರೆ ಸೊಸೆಯಾಗಿದ್ದರೆ ಒಂದಕ್ಕೆರಡು ಆಡುತ್ತಿದ್ದಳು, ಇಲ್ಲವೇ ಬೀಳಗಿಯ ತವರಿಗೆ ಬಸ್ಸು ಹತ್ತುತ್ತಿದ್ದಳು. ಇವಳು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡು, ಕಡೆಗೆ ಒಂದೇ ಮಾತು ಕೇಳಿದಳು. "ಬಿಡಸಾಕ ಬರತೈತೇನ್ರಿ, ಅತ್ತ್ಯಾರ?"

ಮರುದಿನವೇ ಅವಳು ನನ್ನನ್ನು ಎಬ್ಬಿಸಿಕೊಂಡು, ಕೂಸನ್ನು ಎತ್ತಿಕೊಂಡು ಜಮಖಂಡಿಗೆ ಹೊರಟಳು. ದವಾಖಾನೆಯ ಗೋಪಾಲರಾವ್ ಡಾಕ್ಟರು ಕೂಸಿನ ಕಣ್ಣೆವೆ ಎತ್ತಿ ನೋಡಿದರು. ಆಮೇಲೆ ಹೇಳಿದರು: "ಒಮ್ಮಿಗಲೇ ನಿಲ್ಲಸಬ್ಯಾಡ್ರಿ, ಕೂಸಿಗೆ ತಡಿಯೂದಿಲ್ಲ. ನಾ ಹೇಳಿದಂಗ ಸಾವಕಾಶ ಕಡಿಮಿ ಮಾಡಕೋತ ಬರ್ರಿ. ಭಾಳ ಅಳತದ, ವಾಂತಿ ಆಗತದ, ಹೆದರಬ್ಯಾಡ್ರಿ. ಎಚ್ಚರಾತಂದ್ರ ಅದರ ಕೂಡ ಮಾತಾಡ್ರಿ, ಆಡಸ್ರಿ. ಮಕ್ಕಳು ಕಲಿಯೂ ವಯಸ್ಸನ್ನ ಇದು ನಿದ್ದಿಯೊಳಗ ಕಳದದ. ಎಷ್ಟು ತಿರುಗಿ ಬರತದೋ ನಾ ಹೇಳಲಾರೆ."

ಆಮೇಲೆ ಶುರುವಾಯಿತು ನೋಡು. ಹುಟ್ಟಿದಾಗಿನಿಂದ ಕೂಡಿಟ್ಟ ಅಳುವನ್ನೆಲ್ಲ ಕೂಸು ಒಟ್ಟಿಗೇ ಹೊರಗೆ ಹಾಕಿತು. ಮೈ ಬೆವರುತ್ತಿತ್ತು, ಕುಡಿದ ಹಾಲು ಹೊರಗೆ ಬರುತ್ತಿತ್ತು, ಕೈಕಾಲು ನಡುಗುತ್ತಿದ್ದವು. "ಒಂದ ಚೂರ ಕೊಡ ಬೇ, ಸತ್ತಗಿತ್ತೀತು ಕೂಸು," ಎಂದು ಬೈದ ಬಾಯಿಂದಲೇ ಹೇಳಿದೆ, ಕೇಳು! ಹಾಲವ್ವ ಅದನ್ನು ಹಳೆಯ ಸೀರೆಯಿಂದ ಬೆನ್ನಿಗೆ ಕಟ್ಟಿಕೊಂಡು ಪಡಸಾಲೆಯಲ್ಲಿ ತಿರುಗಾಡುತ್ತಿದ್ದಳು. ನಿಲ್ಲಲೂ ಇಲ್ಲ. "ಡಾಕ್ಟರ್ ಹೇಳಿದಷ್ಟ ಕೊಟ್ಟೇನ್ರಿ. ಅದರ ಮ್ಯಾಲೆ ಕೊಡಂಗಿಲ್ಲ. ಅಳಲಿ ಬಿಡ್ರಿ. ಈಗ ಅತ್ತರ ಯಾರಿಗೇನ ತ್ರಾಸ?"

ತ್ರಾಸ ಆದದ್ದು ಓಣಿಗೆ. ಮಂಪರಿನಲ್ಲಿ ಬಿದ್ದಿದ್ದ ಕೂಸನ್ನು ದೇವರಂಥಾದ್ದು ಎಂದವರೇ ಈಗ ಅದರ ತಾಯಿಯನ್ನು ರಾಕ್ಷಸಿ ಎಂದರು. ಶಿದ್ರಾಮಪ್ಪ ಮಗ್ಗ ಬಿಟ್ಟು ಎದ್ದು ಬಂದ. "ಏನ್ರಿ ಅಕ್ಕಾರ, ಗಂಡ ಊರಾಗಿಲ್ಲಂತ ನಿಮ್ಮ ಸೊಸಿ ಕೂಸಿನ ಬಡಿಯಾಕತ್ತಾಳೇನ? ನೀವರ ನೋಡಬಾರದಾ?" ನಾನು ಬಾಯಿ ತೆರೆಯುವ ಮುಂಚೆ ಹಾಲವ್ವ ಒಳಗಿನಿಂದ ಬಂದು ಕೂಸಿನ ಅಂಗಿ ಎತ್ತಿದಳು. ಬೆನ್ನು, ತೊಡೆ, ತೋಳು ಎಲ್ಲ ತಿರುಗಿಸಿ ತೋರಿಸಿದಳು. "ನೋಡ್ರಿ ಕಾಕಾ. ಎಲ್ಲೆರ ಬಾಸಳ ಐತೇನು, ಛಂದಂಗಿ ನೋಡಿಕೊಂಡ ಹೋಗ್ರಿ." ಧ್ವನಿ ಏರಿಸಲಿಲ್ಲ, ಕಣ್ಣೀರು ಹಾಕಲಿಲ್ಲ. ಶಿದ್ರಾಮಪ್ಪ ಪೆಚ್ಚಾಗಿ ಹೋದ. ಮರುದಿನ ತಂಗೆವ್ವ ಕೂಸಿಗೆಂದು ಗಂಜಿ ಕಾಸಿ ತಂದಳು.

ಅಳು ಇಳಿದ ಮೇಲೆ ಕಾಲಿನ ಚಿಂತೆ ಬಂತು. ನಿಲ್ಲಿಸಿದರೆ ಕೂಸಿನ ಮೊಣಕಾಲು ಮಡಚಿ ಬೀಳುತ್ತಿತ್ತು. ಇಲ್ಲಿ ನಿನಗೊಂದು ಸುದ್ದಿ ಹೇಳಬೇಕು, ಮುನಿಸಿಕೊಳ್ಳಬೇಡ. ನಿನ್ನ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದ್ದೇವೆ. ನೀನು ಕಾಲು ಇಳಿಬಿಟ್ಟು ಕೂಡುತ್ತಿದ್ದ ನೆಲದೊಳಗಿನ ಆ ಕುಣಿಗೆ ಹಾಲವ್ವ ಹೊಳೆಯ ಮಳಲು ತರಿಸಿ ಅರ್ಧ ತುಂಬಿಸಿ, ಕೂಸನ್ನು ಅದರಲ್ಲಿ ಇಳಿಸಿ ನಿಲ್ಲಿಸಿದಳು. ಕುಣಿಯ ಅಂಚು ಅದರ ಎದೆಗೆ ಬಂತು. ಎತ್ತ ವಾಲಿದರೂ ಗೋಡೆ, ಕುಸಿದರೆ ಮಳಲು. ಅಂಚಿನ ಮೇಲೆ ಬಣ್ಣದ ನೂಲು, ಖಾಲಿ ಕಂಡಿಕೆ, ಒಂದು ಹಿತ್ತಾಳೆ ಬಟ್ಟಲು ಸ್ವಲ್ಪ ದೂರದೂರಕ್ಕೆ ಇಡುವಳು. ಬೇಕಾದರೆ ಕೂಸು ಕಾಲು ಸರಿಸಿಯೇ ಹಿಡಿಯಬೇಕು. ಈ ಊರಿನವರು ತಲೆತಲಾಂತರದಿಂದ ಮಗ್ಗದ ಕುಣಿ ತೋಡುತ್ತಿದ್ದಾರೆ. ಕೂಸು ನಿಲ್ಲಲು ಕಲಿಯುವುದಕ್ಕೆ ಅದು ತಕ್ಕ ಜಾಗ ಎಂದು ಒಬ್ಬರಿಗಾದರೂ ಹೊಳೆದಿತ್ತೇ? ಸಾಲಿಯಲ್ಲಿ ಮಕ್ಕಳ ಶಿಕ್ಷಣದ ಬಗ್ಗೆ ಭಾಷಣ ಮಾಡುತ್ತಿದ್ದ ನನಗೂ ಹೊಳೆದಿರಲಿಲ್ಲ.

ಹಾಲವ್ವ ಎಂಥ ಮಿತಭಾಷಿ ಎಂದು ನಿನಗೆ ಗೊತ್ತು. ಬಾಯಲ್ಲಿ ನಾಲಿಗೆ ಇದೆಯೋ ಇಲ್ಲವೋ ಎಂದು ನಾನೇ ಅಣಕಿಸಿದ್ದುಂಟು. ಅಂಥವಳು ಡಾಕ್ಟರ ಮಾತು ಕೇಳಿ ಬಂದಾಗಿನಿಂದ ರಾಟಿ ತಿರುಗಿಸುತ್ತ ದಿನವೆಲ್ಲ ಮಾತಾಡತೊಡಗಿದಳು. "ಅನ್ನೀ, ಇದು ಕೆಂಪ ನೂಲ. ಇದು ಹಸರ. ಕಾಗಿ ಬಂತ ನೋಡ, ರೊಟ್ಟಿ ಕೇಳಾಕತ್ತೈತಿ. ನಿಮ್ಮಾಯಿ ಗೊರಕಿ ಹೊಡಿಯಾಕತ್ತಾಳ, ಕೇಳ." (ನಾನು ಗೊರಕೆ ಹೊಡೆಯುವುದಿಲ್ಲ. ಅದೊಂದು ಸುಳ್ಳು.) ತಿರುಗಿ ಒಂದು ಉಲುಹೂ ಬರದ ಕೂಸಿನ ಜೊತೆ ವಾರಗಟ್ಟಲೆ ಹಾಗೆ ಮಾತಾಡುವುದು ಎಷ್ಟು ಕಷ್ಟವೆಂದು ಮಾಡಿ ನೋಡಿದವರಿಗೇ ಗೊತ್ತು. ನಾನು ಅರ್ಧ ದಿನಕ್ಕೆ ಸೋತೆ.

ನಾಗರಪಂಚಮಿಯ ದಿನ ನಾನು ಕೂಸಿನ ಬಾಯಿಗೆ ಎಳ್ಳುಂಡೆಯ ಚೂರು ಇಡಲು ಹೋದೆ. ಅದು ತುಟಿ ಬಿಗಿದು, ಮುಖ ಅತ್ತ ತಿರುಗಿಸಿ, ಸ್ಪಷ್ಟವಾಗಿ "ಒಲ್ಲೆ" ಎಂದಿತು. ರಾಟಿ ನಿಂತಿತು. "ಏನಂದಿ? ಇನ್ನೊಮ್ಮಿ ಅನ್ನ, ನನ್ನ ಬಂಗಾರಾ," ಎಂದಳು ಹಾಲವ್ವ. "ಒಲ್ಲೆ!" ಎಂದು ಕೂಸು ಉಂಡೆಯನ್ನು ನೆಲಕ್ಕೆ ಒಗೆಯಿತು. ಹಾಲವ್ವ ಕೈಗೆ ಸಿಕ್ಕಷ್ಟು ಸಕ್ಕರೆ ಸೆರಗಿನಲ್ಲಿ ತುಂಬಿಕೊಂಡು ಓಣಿಯ ತುಂಬ ಓಡಿದಳು. "ನಮ್ಮ ಅನ್ನಿ ಒಲ್ಲೆ ಅಂದಳ್ರಿ!" ಮಗು ಮಾತು ಕೇಳುವುದಿಲ್ಲ ಎಂದು ಗೋಳಾಡುವ ತಾಯಂದಿರನ್ನು ನಾನು ಸಾಲಿಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಬೇಡ ಎಂದದ್ದಕ್ಕೆ ಸಕ್ಕರೆ ಹಂಚಿದವಳು ಇವಳೊಬ್ಬಳೇ. ನನಗೆ ನಗು ಬಂತು, ಆಮೇಲೆ ಅಳು ಬಂತು.

ಈಗ ಅನ್ನಿ ಗೋಡೆ ಹಿಡಿದು ಮನೆಯೆಲ್ಲ ತಿರುಗುತ್ತಾಳೆ. ಬೀಳುತ್ತಾಳೆ, ಚೀರುತ್ತಾಳೆ, ಎದ್ದು ಇನ್ನೊಂದು ಗಡಿಗೆ ಒಡೆಯುತ್ತಾಳೆ. ಅವಳ ವಾರಿಗೆಯ ಮಕ್ಕಳಿಗಿಂತ ಇನ್ನೂ ಹಿಂದಿದ್ದಾಳೆ, ಅದನ್ನು ಮುಚ್ಚಿಡುವುದಿಲ್ಲ. ಎಷ್ಟು ಮುಂದೆ ಬರುತ್ತಾಳೋ ದೇವರೇ ಬಲ್ಲ. ಆದರೆ ಎಚ್ಚರವಾಗಿದ್ದಾಳೆ. ಓಣಿಯ ಇಬ್ಬರು ತಾಯಂದಿರು ತಮ್ಮ ಕೂಸುಗಳನ್ನು ಎತ್ತಿಕೊಂಡು, ಅಫೀಮು ಬಿಡಿಸುವುದು ಹೇಗೆಂದು ಹಾಲವ್ವನ ಹತ್ತಿರ ಕೇಳಲು ಬಂದಿದ್ದರು.

ಉಳಿದ ಸುದ್ದಿ ಹೆಚ್ಚಿಲ್ಲ. ಮಳೆ ಚೆನ್ನಾಗಿ ಆಗಿದೆ. ಕನ್ನಡದವರೆಲ್ಲ ಒಂದೇ ರಾಜ್ಯವಾಗುತ್ತಾರೆ ಎಂದು ಕಟ್ಟೆಯ ಮೇಲೆ ಗಂಡಸರು ವಾದ ಮಾಡುತ್ತಾರೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಕಾಲ ಸೊಸೆಯದೇ ಆಗಿದೆ, ನನಗೆ ಅದರ ಬೇಸರವಿಲ್ಲ. ಹೊಗಳುವುದು ನನ್ನ ಸ್ವಭಾವವಲ್ಲ ಎಂದು ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ನಾನು ನನ್ನ ಜೀವನದಲ್ಲಿ ಕಂಡ ಧೈರ್ಯವಂತರಲ್ಲಿ ನಿನ್ನ ಹೆಂಡತಿಯೇ ಮೊದಲಿನವಳು.

ಹೊತ್ತಿಗೆ ಸರಿಯಾಗಿ ಉಣ್ಣು. ಗಿರಣಿಯ ಧೂಳಿನಿಂದ ಎ‌ದೆ ಕಟ್ಟದಂತೆ ನೋಡಿಕೋ. ಮಲ್ಲಯ್ಯ ನಿನಗೆ ಆರೋಗ್ಯವನ್ನೂ ಅದರ ಜೊತೆಗೆ ತಾಳ್ಮೆಯನ್ನೂ ಕೊಡಲಿ ಎಂದು ಹರಸುವ

ನಿನ್ನ ತಾಯಿ
ಇಂದ್ರವ್ವ

ತಾ.ಕ.: ಮೇಲಿನದನ್ನೆಲ್ಲ ಹಾಲವ್ವನಿಗೆ ಓದಿ ಹೇಳಿದೆ. "ಏನೇನರ ಬರೀತೀರಿ ಬಿಡ್ರಿ," ಎಂದು ನಾಚಿದಳು. ಇದನ್ನು ಅವಳಿಗೆ ಓದಿಲ್ಲ. ನೀನೊಬ್ಬನೇ ಓದಿಕೋ.

ನಿನ್ನ ಪತ್ರ ಬಂದ ದಿನ, ದೀಪಾವಳಿಗೆ ನೀನು ಬರುತ್ತೀ ಎಂದು ಅವಳಿಗೆ ಓದಿದೆ. ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಅವಳು ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಸಂಜೆ ಗುಡಿಯಿಂದ ಬರುವಾಗ ನೋಡಿದರೆ ಸಾತಪ್ಪ ಮುತ್ಯಾನ ಬಾಗಿಲಿನಿಂದ ಇಳಿಯುತ್ತಿದ್ದಳು. ಮುಷ್ಟಿ ಬಿಡಿಸಿದೆ. ಅಫೀಮು ಇತ್ತು. "ಇಷ್ಟೆಲ್ಲಾ ಮಾಡಿ ಮತ್ತ ಯಾಕ ಬೇ?" ಎಂದು ಕೇಳಿದೆ.

"ಅವರು ಇರೂತನಕಾ ಅಷ್ಟರಿ, ಅತ್ತ್ಯಾರ. ಕೂಸು ಅತ್ತರ ಅವರ ಕೈ ತಡಿಯಂಗಿಲ್ಲ. ಎಳೀ ಕೂಸಿದ್ದಾಗ ಅಳು ನಿಲ್ಲಸಲಿಲ್ಲಂತ ತೊಟ್ಟಲದಾಗಿಂದ ಎತ್ತಿ ಒಗದಿದ್ದರು. ಅವತ್ತ ಮುತ್ಯಾನ ಮನಿಗಿ ಹೋದೆ. ಸುಮ್ಮನಿದ್ದರ ಜೀವರ ಉಳೀತೈತಿ ಅಂತ ಕೊಟ್ಟೆ. ಅವರು ಊರ ಬಿಟ್ಟ ಮ್ಯಾಲೆ ಬಿಡಸೂದ ಹ್ಯಾಂಗಂತ ತಿಳೀಲಿಲ್ಲ," ಎಂದಳು.

ಅವಳು ಅಫೀಮು ಕೊಟ್ಟದ್ದು ನೂಲು ಸುತ್ತಲಿಕ್ಕಲ್ಲ ಮುರಗೆಪ್ಪ, ಕೂಸನ್ನು ನಿನ್ನಿಂದ ಉಳಿಸಲಿಕ್ಕೆ. ಕೂಸಿಗೆ ವಿಷ ಹಾಕುತ್ತೀ ಎಂದು ನಾನು ಬೈದ ದಿನವೂ ಅವಳು ನಿನ್ನ ಹೆಸರು ಎತ್ತಿರಲಿಲ್ಲ.

ನೀನು ನಾನು ಹೆತ್ತ ಮಗ. ನಿನ್ನನ್ನು ನೋಡದೆ ಕಣ್ಣು ಸೋತಿವೆ. ಹಬ್ಬ ಕಳೆದ ಮೇಲೆ ನಾನೇ ಸೊಲ್ಲಾಪುರಕ್ಕೆ ಬರುತ್ತೇನೆ, ನಿನಗೆ ಹೋಳಿಗೆ ಮಾಡಿ ಬಡಿಸುತ್ತೇನೆ, ಎದುರಿಗೆ ಕೂತು ಮಾತಾಡುತ್ತೇನೆ. ಈ ದೀಪಾವಳಿಗೆ ಮಾತ್ರ ನೀನು ಮನೆಗೆ ಬರಬೇಡ.