ತೋಫು ಕವರಿನೊಳಗೊಂದು ದ್ವೀಪ

ಡಿಸೆಂಬರ್ 27, 2007. ಸಂಜೆ

ನಾವಿಬ್ಬರೂ ಸೋಯಾ ಹಾಲು ಒಡೆಸಿ ಮಾಡಿದ ಇವತ್ತಿನ ತೋಫು ಬೆಳಿಗ್ಗೆಯೇ ಖಾಲಿ. ಮಧ್ಯಾಹ್ನ ನಮ್ಮ ಅಂಗಡಿ ಬೀದಿಯ ವರ್ಷಾಂತ್ಯದ ಲಾಟರಿಗೆ ಹೋದೆ. ಕಣ್ಣಿದ್ದದ್ದು ಅಕ್ಕಿ ಮೂಟೆಯ ಮೇಲೆ. ಗೋಲಿ ತುಂಬಿದ ಪೆಟ್ಟಿಗೆಯ ಹಿಡಿ ತಿರುಗಿಸಿದೆ, ಕೆಂಪು ಗೋಲಿ ಬಿತ್ತು, ಬಹುಮಾನ ಬಂತೆಂದು ಗಂಟೆ ಬಾರಿಸಿದರು. ಅಕ್ಕಿಯಲ್ಲ... ಅಂಗೈಯಗಲದ ವಿಡಿಯೋ ಗೇಮ್. ಪುಸ್ತಕದ ಹಾಗೆ ತೆರೆಯುತ್ತದೆ, ಒಳಗೆ ಎರಡು ಸ್ಕ್ರೀನ್.

ಲಾಟರಿ ಮೇಜಿನ ಹಿಂದೆ ಆಟಿಕೆ ಅಂಗಡಿಯ ನೊಮುರಾ ಕೂತಿದ್ದಳು. ಅಕ್ಕಿಗೆ ಬದಲಾಯಿಸಿ ಕೊಡು ಎಂದೆ.

"ಅಕ್ಕಿ ತಿಂಗಳಿಗೆ ಮುಗಿಯುತ್ತೆ, ತೋಫು ಅಮ್ಮ. ಇದು ಅಷ್ಟು ಬೇಗ ಮುಗಿಯಲ್ಲ. ಆಡಿ ನೋಡಿ, ಬೈಯೋ ಹಾಗಿದ್ರೆ ಬಂದು ಬೈರಿ."

ನಮ್ಮವರು ನೋಡಿ, "ಏಯ್, ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಂಗೆ ಎರಡು ವರ್ಷ ಮೊದಲೇ ಬಂತಲ್ಲ" ಎಂದರು.

ಜನವರಿ 4. ಮಧ್ಯಾಹ್ನ

ಹೊಸ ವರ್ಷದ ರಜೆ ಮುಗಿದು ಅಂಗಡಿ ನಾಳೆಯಿಂದ. ಕಂಬಳಿ ಹೊದಿಸಿ ಅಡಿಗೆ ಹೀಟರ್ ಇಟ್ಟ ಮೇಜಿನ ಕೆಳಗೆ ಕಾಲು ಚಾಚಿ ಗೇಮ್ ತೆರೆದೆ. ಸುಮ್ಮನೆ. ಸಮುದ್ರದಲ್ಲಿ ಆರಿಹೋದ ಏಳು ದೀಪಸ್ತಂಭಗಳಿವೆ, ಹಚ್ಚಬೇಕು. ದೋಣಿ, ಕತ್ತಿ, ಭೂತ ಎಲ್ಲ ಉಂಟು.

ಶುರುವಿಗೇ ಕೇಳಿತು — ವೀರನ ಹೆಸರೇನು? ಏನೂ ತೋಚದೆ 'ತೋಕುಜಿ' ಎಂದು ನಮ್ಮವರ ಹೆಸರನ್ನೇ ಬರೆದೆ. ಜೊತೆಗಾತಿಯ ಹೆಸರು? 'ಶಿಜುನೋ'. ನನ್ನದು. ಸ್ಕ್ರೀನಿನ ಮೇಲೆ ನೋಡಿ ಯಾರೋ ಪರಿಚಯದವರು ಅನ್ನಿಸಿತು.

ಆಟದ ತೋಕುಜಿ ತಿರುವು ತಿರುವಿನಲ್ಲೂ "ಶಿಜುನೋ, ಹುಷಾರು" ಅನ್ನುತ್ತಾನೆ. ಮನೆಯ ತೋಕುಜಿ "ಏಯ್, ಟೀ" ಅನ್ನುತ್ತಾರೆ.

ಜನವರಿ 12

ಚೆನ್ನಾಗಿದೆ. ಒಪ್ಪಿಕೊಳ್ಳುತ್ತೇನೆ. ಗೇಮಿನ ಜೊತೆ ಬಂದ ಕಡ್ಡಿಯಿಂದ ಸ್ಕ್ರೀನಿನ ಮೇಲೆ ಗೀರಿದರೆ ವೀರ ಕತ್ತಿ ಬೀಸುತ್ತಾನೆ. ನಕ್ಷೆಯ ಮೇಲೆ ಗೆರೆ ಎಳೆದರೆ ದೋಣಿ ಅದೇ ಗೆರೆ ಹಿಡಿದು ಹೊರಡುತ್ತದೆ. ಮದುವೆಯಾದಾಗಿನಿಂದ ಈ ಬೀದಿ ದಾಟದವಳು ಇವತ್ತು ಗಿರಾಕಿಗಳ ಮಧ್ಯೆ ಮೂರು ದ್ವೀಪ ಸುತ್ತಿ ಬಂದೆ. ಯಾರಾದರೂ ಬಂದರೆ ಮಡಚಿಡುವುದು. ಅವರಿಗೆ ತೋಫು ಕೊಟ್ಟು ಬಂದು ತೆರೆದರೆ, ಭೂತ ಎತ್ತಿದ ಕೈ ಎತ್ತಿಕೊಂಡೇ ಕಾಯುತ್ತಿರುತ್ತದೆ. ಅಷ್ಟು ತಾಳ್ಮೆ ನಮ್ಮವರಿಗೂ ಇಲ್ಲ.

ಒಂದೇ ಭಯ, ನೀರು. ನಮ್ಮ ಕೈ ಒಣಗಿರುವುದೇ ಅಪರೂಪ. ತೋಫು ಕಟ್ಟುವ ಕವರಿನಲ್ಲಿ ಗೇಮ್ ಇಳಿಸಿ, ಎರಡು ಸುತ್ತು ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿದೆ. ಕಡ್ಡಿ ಅದರ ಮೇಲಿಂದಲೇ ನಡೆಯುತ್ತದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

ಜನವರಿ 25

ಬೈಯಬೇಕು. ಸ್ತಂಭದ ತುದಿಯಲ್ಲಿ ಸತ್ತರೆ ಮತ್ತೆ ಕೆಳಗಿನ ಮೆಟ್ಟಿಲಿಂದ. ಜೊತೆಗಾತಿ ಬಾಣ ಬರುವ ಕಡೆಗೇ ಓಡುತ್ತಾಳೆ — ನನ್ನ ಹೆಸರಿಟ್ಟದ್ದೇ ತಪ್ಪಾಯಿತು. ದಾರಿ ಹೇಳಲೆಂದೇ ಇರುವ ಒಂದು ಮುದಿ ಗೂಬೆ "ಬಾಗಿಲು ತೆರೆದರೆ ಒಳಗೆ ಹೋಗಬಹುದು" ಅನ್ನುತ್ತದೆ. ಅದನ್ನು ಹೇಳಲು ಗೂಬೆ ಬೇಕೆ? ದೊಡ್ಡ ಭೂತ ಸಾಯುವ ಹೊತ್ತಿಗೆ ಸರಿಯಾಗಿ ಬ್ಯಾಟರಿ ಸತ್ತಿತು. ಸೇವ್ ಮಾಡಿರಲಿಲ್ಲ.

ಇನ್ನೊಂದು. ಅಂಚೆ ಕಚೇರಿಯ ಸಾಲಿನಲ್ಲಿ ಹಿಂದಿನಿಂದ ಯಾರೋ "ಶಿಜುನೋ, ಶಿಜುನೋ" ಎಂದು ಕರೆಯುತ್ತಿದ್ದರು. ಪಾಪ, ಆ ಶಿಜುನೋಗೆ ಕಿವಿ ಕೇಳುವುದಿಲ್ಲವೇನೋ ಅಂದುಕೊಂಡೆ. ಭುಜ ತಟ್ಟಿದ ಮೇಲೇ ತಿರುಗಿದ್ದು. ಶಾಲೆಯ ಗೆಳತಿ ಕಾಯೊ. ಇಬ್ಬರೂ ನಕ್ಕೆವು. ಮನೆಗೆ ಬಂದ ಮೇಲೆ ನಗು ಬರಲಿಲ್ಲ. ಬೀದಿಗೆ ನಾನು ತೋಫು ಅಮ್ಮ, ಮನೆಯಲ್ಲಿ ಏಯ್. ಇವರ ಬಾಯಲ್ಲಿ ಒಂದು ಸಲ ನನ್ನ ಹೆಸರು ಕೇಳಬೇಕು. ಕೇಳಿ ಪಡೆಯುವುದಕ್ಕೆ ನಾಚಿಕೆ.

ಫೆಬ್ರವರಿ 19

ಇಷ್ಟು ದಿನ ಬರೆಯಲು ಪುರುಸೊತ್ತೆಲ್ಲಿ? ಆರು ದೀಪ ಹಚ್ಚಿದ್ದೇನೆ!

ಏಳನೆಯದರ ಬಾಗಿಲಲ್ಲಿ ಜೊತೆಗಾತಿ ಕಲ್ಲಾಗಿ ನಿಂತಿದ್ದಾಳೆ. 'ಹೆಸರು ಹಿಡಿದು ಕರೆ, ಏಳುತ್ತಾಳೆ' ಎಂದು ಬರೆದಿದೆ. ಗೇಮಿಗೆ ಮೈಕ್ ಇದೆಯಂತೆ. ಕರೆದೆ. ಏಳಲಿಲ್ಲ. ಕೂಗಿದೆ. ಊಹೂಂ.

ಹುರಿದ ತೋಫು ಕೊಳ್ಳಲು ಬಂದಾಕೆ ಕೇಳಿದರು, "ಯಾರನ್ನ ಕೂಗ್ತಿದೀರಾ?"

"ಶಿಜುನೋನ."

"ಅದ್ಯಾರು?"

ನಮ್ಮ ಹತ್ತಿರ ಹತ್ತು ವರ್ಷದಿಂದ ತೋಫು ಕೊಳ್ಳುತ್ತಾರೆ ಈಕೆ.

ಫೆಬ್ರವರಿ 21

ನೊಮುರಾಳನ್ನು ಬೈಯಲೆಂದೇ ಹೋದೆ. ಗೇಮ್ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಮೈಕಿಗೆ ಉಸಿರಾಡೋಕೂ ಜಾಗ ಬಿಟ್ಟಿಲ್ವಲ್ರೀ. ಕವರ್ ತೆಗೀರಿ ಮೊದ್ಲು. ಅದಕ್ಕೆ ಹೆಸರು ಗಿಸರು ಏನೂ ಅರ್ಥ ಆಗಲ್ಲ. ಸದ್ದು ಬೇಕು ಅಷ್ಟೇ. ಸೀನಿದ್ರೂ ಏಳ್ತಾಳೆ."

ಕವರ್ ತೆಗೆದೆ. ಅಲ್ಲೇ ಸೀನಬಹುದಿತ್ತು. ಸೀನಲಿಲ್ಲ. ದಾರಿಯಲ್ಲಿ ಒಂದು ಯೋಚನೆ ಬಂತು. ಕವರ್ ಮತ್ತೆ ಹಾಕಿದೆ, ರಬ್ಬರ್ ಬ್ಯಾಂಡ್ ಸಮೇತ.

ಫೆಬ್ರವರಿ 24. ಮಧ್ಯಾಹ್ನ

ಗಿರಾಕಿಗಳನ್ನು ಬಿಟ್ಟು ಬರೆಯಲು ಕೂತಿದ್ದೇನೆ. ಖುಷಿಗೆ.

"ರೀ, ಒಂದು ಸಹಾಯ. ಇವಳನ್ನ ಎಬ್ಬಿಸಬೇಕು. ವೀರನೇ ಕರೀಬೇಕಂತೆ. ವೀರನ ಹೆಸರು ನಿಮ್ದೇ."

ಬೈದುಕೊಂಡೇ ಬಂದರು. ಸ್ಕ್ರೀನ್ ನೋಡಿದರು. ಹೆಸರು ಓದಿದರು. ಕಿವಿ ಕೆಂಪಾಯಿತು.

"ಏಯ್" ಎಂದರು.

ಕವರ್ ಗಟ್ಟಿಯಾಗಿತ್ತು. ಕಲ್ಲು ಕಲ್ಲೇ.

"ಏಯ್ ಅಂದ್ರೆ ಏಳೋಳು ನಾನೊಬ್ಳೇ. ಇವಳು ಹಾಗಲ್ಲ. ಹೆಸರು ಬೇಕು."

ಕೆಮ್ಮಿದರು. ಏಪ್ರನ್ನಿಗೆ ಕೈ ಒರೆಸಿಕೊಂಡರು, ಕೈಯಿಂದ ಕರೆಯುವವರ ಹಾಗೆ.

"ಶಿಜುನೋ."

ಮೆತ್ತಗೆ. ಮದುವೆಗೆ ಮೊದಲು ನದಿಯ ದಂಡೆಯಲ್ಲಿ ಕರೆದದ್ದು ಇದೇ ದನಿಯಲ್ಲಿ. ರಬ್ಬರ್ ಬ್ಯಾಂಡ್ ಬಿಚ್ಚಬೇಕಿತ್ತು. ಮನಸ್ಸಾಗಲಿಲ್ಲ.

"ಕೇಳಿಸಿಲ್ವಂತೆ" ಎಂದೆ.

"ಶಿಜುನೋ!"

"ಇನ್ನೊಂಚೂರು ಜೋರು." ಈಗ ಕವರ್ ಜಾರಿಸಿದೆ. ಮೂರನೆಯ ಕರೆ ಎದುರಿನ ಮೀನಂಗಡಿಗೂ ಕೇಳಿಸಿರಬೇಕು. ಕಲ್ಲು ಬಿರಿಯಿತು. ಅವಳು ಎದ್ದಳು. ಇಬ್ಬರೂ ಮೇಲೆ ಹತ್ತಿ ಏಳನೆಯ ದೀಪ ಹಚ್ಚಿದರು, ಸಮುದ್ರವೆಲ್ಲ ಬೆಳಕು.

"ಎದ್ಲಲ್ಲ" ಎಂದರು ನಮ್ಮವರು, ತಾವೇ ಕಲ್ಲು ಒಡೆದ ಹಾಗೆ. ನನ್ನ ಕಣ್ಣು ನೋಡಿ ಏನಾಯ್ತು ಎಂದರು. ಸೋಯಾ ಹಾಲಿನ ಹಬೆ ಎಂದೆ. ಒಲೆ ಹಚ್ಚೇ ಇರಲಿಲ್ಲ.

ಫೆಬ್ರವರಿ 26. ಮಧ್ಯಾಹ್ನ

ಸಿಕ್ಕಿಬಿದ್ದೆ. ನಮ್ಮವರು ಬೆಳಿಗ್ಗೆ ನೊಮುರಾ ಅಂಗಡಿಗೆ ತೋಫು ಕೊಡಲು ಹೋಗಿದ್ದರು. ಬಂದವರೇ, "ಸೀನಿದ್ರೂ ಏಳ್ತಾಳಂತಲ್ಲ ನಿನ್ನ ಕಲ್ಲುಗೊಂಬೆ?" ಎಂದರು.

ತೋಫು ಕೊಯ್ಯುತ್ತಿದ್ದ ಚಾಕು ನಿಂತಿತು. ಬೈಗುಳಕ್ಕೆ ಕಾದೆ. ಬೈಯಲಿಲ್ಲ, ಒಳಗೆ ಹೋದರು. ಈವರೆಗೂ ಹೊರಗೆ ಬಂದಿಲ್ಲ. ಹೋಯಿತು, ಮತ್ತೆ ಏಯ್‌ಗೇ ಬಂದೆ ಅಂದುಕೊಂಡು ಇದನ್ನು ಬರೆಯುತ್ತಿದ್ದೇನೆ. ಒಳಗೆ ಕಾಳು ರುಬ್ಬುವ ಸದ್ದು.

ಸದ್ದು ನಿಂತಿತು.

"ಶಿಜುನೋ, ಬಟ್ಟೆ ಹಿಡಿ ಬಾ, ಹಾಲು ಸೋಸ್ಬೇಕು."

ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ಆದರೂ ಕೂತೇ ಇದ್ದೇನೆ.

"ಶಿಜುನೋ!"

ಎರಡಾಯಿತು. ಮೂರನೆಯದಕ್ಕೆ ಏಳುತ್ತೇನೆ. ಇಗೋ, ಬಾಗಿಲ ಹತ್ತಿರ ಬಂದರು, ಬಾಯಿ ತೆರೆ—